ಧಾರೆ ಸೀರೆಗೆ ಎಷ್ಟು, ರವಿಕೆಗೆ ಎಷ್ಟು?

ಪ್ರಶ್ನೆ: ಅಕ್ಕಾ, ಮಾಘದಲ್ಲಿ ನನ್ನ ಮದುವೆ. ತುಮಕೂರಿನ ಒಂದು ಶಾಲೆಯಲ್ಲಿ ಟೀಚರ್ ಆಗಿದ್ದೇನೆ. ನನ್ನ ಸೀರೆಗಳಿಗೆ ಅಂತ ಒಟ್ಟು 30,000 ರೂಪಾಯಿ ಎತ್ತಿಟ್ಟಿದ್ದೇವೆ. ಅದಕ್ಕಿಂತ ಜಾಸ್ತಿ ಆದರೆ ಅಪ್ಪ ಸಾಲ ಮಾಡಬೇಕು. ಅರಿಶಿಣದ ಶಾಸ್ತ್ರ, ರಿಸೆಪ್ಷನ್, ಧಾರೆ, ಬೀಗರೂಟ, ನಾಲ್ಕಕ್ಕೂ ಬಟ್ಟೆ ಬೇಕು. ಹೋದ ವಾರ ಅಮ್ಮನ ಜೊತೆ ಬೆಂಗಳೂರಿನ ಚಿಕ್ಕಪೇಟೆಗೆ ಹೋಗಿ ಬರಿಗೈಯಲ್ಲಿ ವಾಪಸ್ ಬಂದೆ. ಒಂದು ಅಂಗಡಿಯಲ್ಲಿ 9,000 ಹೇಳಿದ ಸೀರೆಯಂಥದ್ದಕ್ಕೇ ಇನ್ನೊಂದು ಅಂಗಡಿಯಲ್ಲಿ 32,000 ಹೇಳಿದರು. ನನ್ನ ಕಣ್ಣಿಗೆ ಎರಡೂ ಒಂದೇ ಥರ. ಇಬ್ಬರಲ್ಲಿ ಯಾರು ಸುಳ್ಳು ಹೇಳಿದ್ದು?

ಉತ್ತರ: ಇಬ್ಬರೂ ನಿಜವನ್ನೇ ಹೇಳಿರಬಹುದು ತಂಗಿ. ರೇಷ್ಮೆ ಸೀರೆಯ ಬೆಲೆ ಮೂರು ಕಡೆ ಅಡಗಿರುತ್ತದೆ, ನಾವು ಮಾತ್ರ "ಪ್ಯೂರಾ?" ಅಂತ ಒಂದೇ ಪ್ರಶ್ನೆ ಕೇಳಿ ಸುಮ್ಮನಾಗುತ್ತೇವೆ. ರೇಷ್ಮೆ ಪ್ಯೂರಾ, ಜರಿ ಪ್ಯೂರಾ, ಕೈಮಗ್ಗದ್ದಾ ಪವರ್ ಲೂಮ್‌ನದ್ದಾ, ಇವು ಬೇರೆ ಬೇರೆ ಪ್ರಶ್ನೆಗಳು.

ಜಾಸ್ತಿ ದುಡ್ಡು ಹೋಗುವುದು ಜರಿಗೆ. ಪ್ಯೂರ್ ಜರಿ ಅಂದರೆ ರೇಷ್ಮೆ ಎಳೆಗೆ ಬೆಳ್ಳಿಯ ತೆಳು ತಂತಿ ಸುತ್ತಿ, ಮೇಲೆ ಚಿನ್ನದ ಲೇಪ ಕೊಟ್ಟದ್ದು. ರಾಜ್ಯ ಸರ್ಕಾರದ ರೇಷ್ಮೆ ನಿಗಮವಾದ ಕೆಎಸ್‌ಐಸಿಯ ಮೈಸೂರು ಸಿಲ್ಕ್ ಜರಿಯಲ್ಲಿ 65% ಬೆಳ್ಳಿ, 0.65% ಚಿನ್ನ ಇರುತ್ತದೆ ಅಂದರೆ ನೋಡಿ, ಬೆಳ್ಳಿ ಬೆಲೆ ಏರಿದ ಹಾಗೆ ಸೀರೆ ಬೆಲೆಯೂ ಏರದೆ ಇನ್ನೇನಾಗುತ್ತದೆ. ಟೆಸ್ಟೆಡ್ ಜರಿಯಲ್ಲಿ ಇರುವುದು ತಾಮ್ರದ ತಂತಿ, ಅದರ ಮೇಲೆ ಬೆಳ್ಳಿಯ ನೀರು. ಅದಕ್ಕೂ ಕೆಳಗೆ ಪ್ಲಾಸ್ಟಿಕ್ ಜರಿ. ಕೈಮಗ್ಗದಲ್ಲಿ ಅಂಚು ಒಂದು ಬಣ್ಣ, ಒಡಲು ಒಂದು ಬಣ್ಣ ಮಾಡಿ ಕೂಡಿಸುವ ನೇಯ್ಗೆಗೆ ಮೂರು ಲಾಳಿ ಬೇಕು, ಹಳೆಯ ಪದ್ಧತಿಯಲ್ಲಿ ನೇಕಾರನ ಪಕ್ಕ ಇನ್ನೊಬ್ಬ ಸಹಾಯಕ್ಕೆ ಕೂರಬೇಕು. ಆ ಕೂಲಿಯೂ ಬೆಲೆಯೊಳಗೇ ಬಂತು.

ನನ್ನ ಮಾತು ಕೇಳುವುದಾದರೆ ನಿಮ್ಮ ದುಡ್ಡಿಗೆ ಪ್ಯೂರ್ ಜರಿಯ ಆಸೆ ಬಿಟ್ಟುಬಿಡಿ. ರೇಷ್ಮೆ ಮಾತ್ರ ಅಪ್ಪಟ ಇರಲಿ, ಜರಿ ಟೆಸ್ಟೆಡ್ ಆಗಿರಲಿ. ಟೆಸ್ಟೆಡ್ ಜರಿ ಅಂತ ಹೇಳಿಯೇ ಮಾರಿದರೆ ಅದರಲ್ಲಿ ಮೋಸ ಏನೂ ಇಲ್ಲ. ತಾಮ್ರ ಕೊಟ್ಟು ಬೆಳ್ಳಿ ಬೆಲೆ ತಗೊಂಡರೆ ಮೋಸ. ನನಗೆ ಆಗಿದ್ದು ಅದೇ. ನನ್ನ ಧಾರೆ ಸೀರೆಯನ್ನು ಪ್ಯೂರ್ ಜರಿ ಅಂತ ಬಾಯಲ್ಲಿ ಹೇಳಿ ಕೊಟ್ಟರು, ಬಿಲ್‌ನಲ್ಲಿ "ರೇಷ್ಮೆ ಸೀರೆ – 1" ಅಂತ ಬರೆದರು. ಎಷ್ಟೋ ವರ್ಷ ಆದಮೇಲೆ ಹಳೇ ಜರಿ ಕೊಳ್ಳುವವರ ಹತ್ತಿರ ತೋರಿಸಿದರೆ ಅವರು ನಕ್ಕು ವಾಪಸ್ ಕೊಟ್ಟರು. ಅಂಗಡಿಗೆ ಹೋಗಿ ಜಗಳ ಆಡೋಣ ಅಂದರೆ ಕೈಯಲ್ಲಿ ಏನು ಸಾಕ್ಷಿ ಇತ್ತು? ಹಾಗಾಗಿ ಜರಿ ಯಾವುದು ಅನ್ನುವುದನ್ನು ಬಿಲ್‌ನಲ್ಲೇ ಬರೆಸಿಕೊಳ್ಳಿ. ಬರೆಯೋಕೆ ಹಿಂದೆಮುಂದೆ ನೋಡಿದರೆ ಪಕ್ಕದ ಅಂಗಡಿ ಇದ್ದೇ ಇದೆ.

ಸಿಲ್ಕ್ ಮಾರ್ಕ್ ಚೀಟಿ ಇದೆಯಾ ನೋಡಿ. ಕೇಂದ್ರ ರೇಷ್ಮೆ ಮಂಡಳಿಯ ಆಸರೆಯಲ್ಲಿ 2004ರಲ್ಲಿ ಶುರುವಾದ ಗುರುತು ಅದು. ಆದರೆ ಅದು ಖಾತ್ರಿ ಕೊಡುವುದು ರೇಷ್ಮೆಗೆ ಮಾತ್ರ, ಜರಿಗೆ ಅಲ್ಲ. ಸುಮಾರು ಜನ ಇಲ್ಲೇ ಎಡವುತ್ತಾರೆ. ಚೀಟಿ ಇಲ್ಲದಿದ್ದರೆ ಸೆರಗಿನ ತುದಿಯಿಂದ ಒಂದೆರಡು ಎಳೆ ಕೇಳಿ ತಗೊಂಡು ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿ ಆದರೆ ರೇಷ್ಮೆ. ಕರಗಿ ಗಟ್ಟಿ ಮಣಿ ಥರ ಆದರೆ ಪಾಲಿಯೆಸ್ಟರ್. ಹಾಸು, ಹೊಕ್ಕು ಅಂದರೆ ಉದ್ದದ್ದು, ಅಡ್ಡದ್ದು ಎರಡರ ಎಳೆಯನ್ನೂ ಸುಡಬೇಕು, ಯಾಕೆಂದರೆ ಒಂದು ರೇಷ್ಮೆ, ಇನ್ನೊಂದು ಪಾಲಿಯೆಸ್ಟರ್ ಇರುವ ಸೀರೆಗಳೂ ಉಂಟು.

ಈಗ ಲೆಕ್ಕ. ಧಾರೆ ಸೀರೆಗೆ 13,000. ಒಡಲು ಪ್ಲೇನ್ ಇರಲಿ, ಅಂಚು ಅಗಲ ಇರಲಿ. ಮೈತುಂಬ ಬುಟ್ಟಾ ಇರುವುದಕ್ಕೆ ದುಡ್ಡು ಜಾಸ್ತಿ, ಅದರಲ್ಲಿ ಅರ್ಧ ನೆರಿಗೆಯೊಳಗೆ, ಒಳಸುತ್ತಿನಲ್ಲಿ ಹೋಗುತ್ತದೆ. ಉಳಿದದ್ದನ್ನು ಹಾರ, ಡಾಬು ಮುಚ್ಚುತ್ತವೆ. ಅರಿಶಿಣಕ್ಕೆ ಸಾವಿರ ರೂಪಾಯಿಯ ಹಳದಿ ಕಾಟನ್ ಸೀರೆ ಸಾಕು, ಹೇಗೂ ಕಲೆ ಆಗಿಯೇ ಆಗುತ್ತದೆ. ಬೀಗರೂಟಕ್ಕೆ 3,000ದೊಳಗೆ ಒಂದು ಇಳಕಲ್ ಸೀರೆ ನೋಡಿ, ಹತ್ತಿ-ರೇಷ್ಮೆ ಬೆರಕೆಯದು. ಆಮೇಲೆ ಶಾಲೆಗೂ ಉಟ್ಟುಕೊಂಡು ಹೋಗಬಹುದು. ರಿಸೆಪ್ಷನ್‌ಗೆ 5,000 ಇಡಿ. ಲೆಹೆಂಗಾ ಬಾಡಿಗೆಗೆ ಸಿಗುತ್ತದೆ, ಒಂದು ರಾತ್ರಿಯ ಬಟ್ಟೆಗೆ ಅದೇ ಸರಿ. ಮುಂಗಡ ಎಷ್ಟು, ಕಲೆ ಆದರೆ ಎಷ್ಟು ಹಿಡಿದುಕೊಳ್ಳುತ್ತಾರೆ, ಅಳತೆ ಸರಿಮಾಡಿ ಕೊಡುತ್ತಾರಾ, ಎಲ್ಲ ಮೊದಲೇ ಕೇಳಿಟ್ಟುಕೊಳ್ಳಿ.

ಹೊಲಿಗೆ, ಫಾಲ್, ಕುಚ್ಚು ಎಲ್ಲ ಸೇರಿ 5,000. ಇದು ನಿಮ್ಮ ಲೆಕ್ಕದಲ್ಲಿ ಇರಲೇ ಇಲ್ಲ ಅಲ್ವಾ? ಬಜೆಟ್ ಹಳ್ಳ ಹಿಡಿಯುವುದೇ ಇಲ್ಲಿ. ಈಗ ಎಲ್ಲರಿಗೂ ಆರಿ ವರ್ಕ್, ಅಂದರೆ ಕೊಕ್ಕೆ ಸೂಜಿಯ ಕಸೂತಿಯ ಹುಚ್ಚು. ಸೀರೆ ಬೆಲೆಯ ಹತ್ತಿರ ಹತ್ತಿರ ರವಿಕೆಗೇ ಸುರಿದವರನ್ನು ಕಂಡಿದ್ದೇನೆ, ಮದುವೆಯಾಗಿ ವರ್ಷಕ್ಕೆ ಅದು ತೋಳಿಗೆ ಹತ್ತುವುದಿಲ್ಲ. ಧಾರೆ ರವಿಕೆಗೆ ಒಂದಕ್ಕೇ, ಅದೂ ತೋಳಿಗೆ ಮತ್ತು ಬೆನ್ನಿಗೆ ಮಾತ್ರ ವರ್ಕ್ ಮಾಡಿಸಿ. ಒಳಗೆ ಬಟ್ಟೆ ಒಂದಿಷ್ಟು ಜಾಸ್ತಿ ಬಿಡೋಕೆ ಹೇಳಿ, ಮುಂದೆ ಬಿಚ್ಚಿ ಅಗಲ ಮಾಡಬಹುದು. ಮದುವೆಗೆ ಎರಡು ತಿಂಗಳು ಇರುವಾಗಲೇ ಕೊಟ್ಟುಬಿಡಿ, ಲಗ್ನದ ಸೀಸನ್‌ನಲ್ಲಿ ಟೈಲರ್ ಕೈಗೆ ಸಿಗುವುದಿಲ್ಲ.

ಉಳಿದ 3,000 ಮುಟ್ಟಬೇಡಿ. ಕೊನೇ ವಾರದಲ್ಲಿ ಏನಾದರೊಂದು ಬಂದೇ ಬರುತ್ತದೆ.

ಪ್ರಶ್ನೆ: ನಮ್ಮಮ್ಮನ 1994ರ ಮದುವೆ ಸೀರೆ ಇದೆ, ಅರಗಿನ ಬಣ್ಣದ್ದು. ಅದನ್ನೇ ಧಾರೆಗೆ ಉಡುವ ಆಸೆ. ಮಡಿಕೆ ಇದ್ದ ಕಡೆ ಸ್ವಲ್ಪ ಸೀಳಿದ ಹಾಗಿದೆ. ಅತ್ತೆ ಮನೆಯವರು ಹಳೇ ಸೀರೆ ಅಂದರೆ ಏನು ಹೇಳಲಿ? – ಹಾಸನದ ಓದುಗಿ

ಉತ್ತರ: ಮೊದಲು ಸೀರೆಯನ್ನು ಬೆಳಕಿಗೆ ಹಿಡಿದು ನೋಡಿ, ಆಮೇಲೆ ಮಡಿಕೆ ಇರುವ ಕಡೆ ಎರಡೂ ಕೈಯಿಂದ ಮೆಲ್ಲಗೆ ಎಳೆದು ನೋಡಿ. ಒಂದೆರಡು ಕಡೆ ಮಾತ್ರ ಹೋಗಿದ್ದರೆ ರಫು ಮಾಡಿಸಿ, ರೋಲ್ ಪಾಲಿಶ್ ಕೊಡಿಸಿ, ಹೊಸ ಫಾಲ್, ಹೊಸ ಕುಚ್ಚು ಹಾಕಿಸಿದರೆ ಹೊಸದೇ ಅನ್ನಿಸುತ್ತದೆ. ಎಳೆದ ಕಡೆಯೆಲ್ಲ ಪಿಸಿಯುತ್ತಿದ್ದರೆ ಮಾತ್ರ ಉಡಬೇಡಿ. ಧಾರೆ ಹೊತ್ತಲ್ಲಿ ಎದ್ದು ಕೂತು, ಬಗ್ಗಿ ನಮಸ್ಕಾರ ಮಾಡುವಾಗ ನೆರಿಗೆ ಹತ್ತಿರ ಹರಿದರೆ ಪಿನ್ ಹುಡುಕುತ್ತಾ ಓಡಾಡಬೇಕಾಗುತ್ತದೆ. ಅಂಥ ಸೀರೆಯ ಅಂಚು, ಸೆರಗು ಗಟ್ಟಿ ಇದ್ದರೆ ಕತ್ತರಿಸಿ ಹೊಸ ಸೀರೆಗೆ ರವಿಕೆ ಮಾಡಿಸಿಕೊಳ್ಳಿ, ಅಮ್ಮನ ಸೀರೆ ಮೈಮೇಲೆ ಇದ್ದ ಹಾಗೂ ಆಯಿತು. ಹಳೇ ಜರಿ ಕೊಳ್ಳುತ್ತೇವೆ ಅಂತ ಬರುವವರಿಗೆ ಸುಮ್ನೆ ಕೊಟ್ಟುಬಿಡಬೇಡಿ, ಪ್ಯೂರ್ ಜರಿ ಆಗಿದ್ದರೆ ಒಳಗೆ ಬೆಳ್ಳಿ ಇದೆ ಅನ್ನುವುದು ನಿಮಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಅತ್ತೆಗೆ ಏನು ಹೇಳುವುದು ಅಂದ್ರಾ? "ನಮ್ಮಮ್ಮಂದು" ಅನ್ನಿ, ಅಷ್ಟೇ.

ಪ್ರಶ್ನೆ: ಫೋನಲ್ಲಿ 1,899ಕ್ಕೆ "ಒರಿಜಿನಲ್ ಕಾಂಜೀವರಂ ಬ್ರೈಡಲ್" ಬರುತ್ತಿದೆ. ತಗೊಳ್ಳಲಾ?

ಉತ್ತರ: ಆ ದುಡ್ಡಿಗೆ ಒಳಗಿನ ರೇಷ್ಮೆ ನೂಲೂ ಬರುವುದಿಲ್ಲ. ಅದು ಆರ್ಟ್ ಸಿಲ್ಕ್, ಅಂದರೆ ಪಾಲಿಯೆಸ್ಟರ್‌ನಂಥ ಕೃತಕ ನೂಲಿನದು. ರಿಸೆಪ್ಷನ್‌ಗೆ ಒಂದು ಸಂಜೆ ಉಡಲು ಅಂತ ಗೊತ್ತಿದ್ದೇ ತಗೊಳ್ಳುವುದಾದರೆ ತಗೊಳ್ಳಿ, ಚೆನ್ನಾಗಿಯೇ ಕಾಣುತ್ತದೆ. ಹೋಮದ ಮುಂದೆ ಕೂರೋಕೆ ಮಾತ್ರ ಬೇಡ, ಪಾಲಿಯೆಸ್ಟರ್‌ಗೆ ಕಿಡಿ ಬಿದ್ದರೆ ಕರಗಿ ಮೈಗೆ ಅಂಟಿಕೊಳ್ಳುತ್ತದೆ.

ಪ್ರಶ್ನೆ: ಮಗನ ಮದುವೆ. ಸೊಸೆಗೆ ಮೈಸೂರು ಸಿಲ್ಕ್ ಕೊಡುತ್ತೇನೆ ಅಂತ ಮಾತು ಕೊಟ್ಟಿದ್ದೇನೆ. ಕಡಿಮೆಗೆ ಎಲ್ಲಿ ಸಿಗುತ್ತದೆ? – ಮದ್ದೂರಿನ ಓದುಗಿ

ಉತ್ತರ: ಅಮ್ಮಾ, ಕಡಿಮೆಗೆ ಸಿಗುವುದು ಕಷ್ಟ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಶುರುವಾದ ಮೈಸೂರಿನ ಕಾರ್ಖಾನೆಯ ಸೀರೆಯೇ ಬೇಕು ಅಂದರೆ ಕೆಎಸ್‌ಐಸಿ ಮಳಿಗೆಗೇ ಹೋಗಬೇಕು, ಪ್ರತಿ ಸೀರೆಗೂ ಅವರದೇ ನಂಬರ್ ಇರುತ್ತದೆ. ಬೇರೆ ಅಂಗಡಿಯವರು ಮೈಸೂರು ಸಿಲ್ಕ್ ಅಂತ ತೋರಿಸುವ ಕ್ರೇಪ್ ಸೀರೆ ಚೆನ್ನಾಗಿರಬಹುದು, ಆದರೆ ಅದು ಇದಲ್ಲ. ತೆಳು ಅಂಚಿನದು ನೋಡಿ, ಜರಿ ಕಡಿಮೆ ಇದ್ದಷ್ಟೂ ಬೆಲೆ ಇಳಿಯುತ್ತದೆ. ಹೋಗುವ ಮುಂಚೆ ಸೊಸೆಗೆ ಫೋನ್ ಮಾಡಿ ಎರಡು ಮೂರು ಬಣ್ಣ ಕೇಳಿಟ್ಟುಕೊಳ್ಳಿ, ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರಿ. ಮಧ್ಯಾಹ್ನ ಹೋದರೆ ಉಳಿದಿದ್ದರಲ್ಲಿ ಆರಿಸಬೇಕಾಗುತ್ತದೆ.