ಅಜ್ಜ ಹೋದ ರಾತ್ರಿ ಬಂದ ನಿದ್ದೆ

ತುಂಬಾ ದಿನ ಮಲಗಿದ್ದ ಹಿರಿಯರು ತೀರಿಕೊಂಡ ಮೇಲೆ, ಅವರನ್ನು ನೋಡಿಕೊಂಡವರೇ ತಪ್ಪಿತಸ್ಥರ ಹಾಗೆ ಆಪ್ತಸಲಹೆಗೆಂದು ನನ್ನ ಮುಂದೆ ಬಂದು ಕೂರುತ್ತಾರೆ. ಇದು ಮತ್ತೆ ಮತ್ತೆ ಆಗುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಹುಡುಗ ತೀರ್ಥಹಳ್ಳಿ ಕಡೆಯವನು. ಬೆಂಗಳೂರಿನ ಕಂಪನಿ ಕೆಲಸವನ್ನು ಮನೆಯಿಂದಲೇ ಮಾಡುತ್ತಿದ್ದ. ಮನೇಲೇ ಇರ್ತಾನಲ್ಲ ಅಂತ ಅಜ್ಜನ ರಾತ್ರಿಗಳೆಲ್ಲ ಇವನ ಪಾಲಿಗೆ ಬಂದವು. ಅಜ್ಜನಿಗೆ ಮರೆವಿನ ಕಾಯಿಲೆ. ಈ ಕಾಯಿಲೆಯಲ್ಲಿ ಅನೇಕರಿಗೆ ಸಂಜೆಯಾದ ಮೇಲೆ ಚಡಪಡಿಕೆ ಜಾಸ್ತಿ. ಅಜ್ಜ ನಡುರಾತ್ರಿ ಚಿಲಕ ತೆಗೆದು ತೋಟಕ್ಕೆ ಹೊರಡುತ್ತಿದ್ದರು. ಮಳೆಗಾಲದ ಕತ್ತಲಲ್ಲಿ ಹಳ್ಳದ ಸಂಕದ ಮೇಲೆ ಹೋಗಿಬಿಟ್ಟರೆ ಎಂಬ ಹೆದರಿಕೆಯಲ್ಲೇ ಇವನು ಕಿವಿ ತೆರೆದು ಮಲಗುತ್ತಿದ್ದ.

ಅಜ್ಜ ತೀರಿಕೊಂಡರು. ಸಂಸ್ಕಾರ ಮುಗಿದ ರಾತ್ರಿ ಹುಡುಗ ಮಲಗಿದವನು ಎದ್ದಿದ್ದು ಮರುದಿನ ಮಧ್ಯಾಹ್ನ. "ಇವತ್ತೂ ಹೇಗೆ ನಿದ್ದೆ ಬಂತೋ ನಿಂಗೆ?" ಎಂದರು ಅತ್ತೆ.

ಎರಡನೇ ಸಲ ಬಂದಾಗ ಅವನು ನಿಜ ಹೇಳಿದ. "ಅತ್ತೆ ಮಾತಲ್ಲ ಮೇಡಂ. ಎದ್ದ ತಕ್ಷಣ ನಂಗೆ ಖುಷಿಯಾಯ್ತು. ಇನ್ನು ರಾತ್ರಿ ಏಳಬೇಕಾಗಿಲ್ಲ ಅನ್ನಿಸ್ತು."

"ಈಗ ನಿದ್ದೆ ಹೇಗಿದೆ?" ಕೇಳಿದೆ.

"ಎರಡು ಗಂಟೆಗೆ ಎಚ್ಚರ ಆಗುತ್ತೆ. ಹೋಗಿ ಬಾಗಿಲು ನೋಡ್ತೀನಿ."

"ಯಾರಿಗೋಸ್ಕರ?"

ಸುಮಾರು ಹೊತ್ತು ಸುಮ್ಮನಿದ್ದ. ಆಮೇಲೆ ಅತ್ತ. ಅಜ್ಜ ಹೋದ ಮೇಲೆ ಅತ್ತಿದ್ದು ಅದೇ ಮೊದಲಂತೆ. ಖುಷಿಪಟ್ಟವರೂ ನೀವೇ, ಈಗಲೂ ಎದ್ದು ಅಜ್ಜನನ್ನು ಹುಡುಕುವವರೂ ನೀವೇ ಎಂದೆ. ಎರಡರಲ್ಲಿ ಒಂದನ್ನು ಸುಳ್ಳು ಮಾಡುವುದು ಬೇಡ.

ಸಾವನ್ನು ಹಗುರ ಮಾಡಿ ಹೇಳಿಕೊಡ್ತೀರಿ ಎಂದು ಹಿರಿಯರು ನನ್ನನ್ನು ಬೈದದ್ದುಂಟು. ನಾನು ಒಪ್ಪುವುದಿಲ್ಲ. ಮರೆವಿನ ಕಾಯಿಲೆಯವರನ್ನು ನೋಡಿಕೊಂಡ ಮನೆಯವರ ಬಗ್ಗೆ ಅಮೆರಿಕದಲ್ಲಿ 2003ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಕಾಯಿಲೆಯವರು ತೀರಿಕೊಂಡ ಮೇಲೆ, ಆ ಸಾವಿನಿಂದ ತಮಗೆ ನಿರಾಳವಾಯಿತು ಎಂದವರು ನೂರಕ್ಕೆ 72 ಮಂದಿ. ಇವರೆಲ್ಲ ಪ್ರೀತಿ ಇಲ್ಲದವರಾ? ನಿದ್ದೆಗೆಟ್ಟ ದೇಹ ಸಿಕ್ಕ ಮೊದಲ ರಾತ್ರಿಯೇ ನಿದ್ದೆ ಮಾಡುತ್ತದೆ, ಅಷ್ಟೇ. ಅಲ್ಲದೆ ಇಂಥ ಮನೆಗಳಲ್ಲಿ ದುಃಖ ಸಾವಿಗಿಂತ ಎಷ್ಟೋ ಮೊದಲೇ ಶುರುವಾಗಿರುತ್ತದೆ. ಅಜ್ಜ ಇವನ ಹೆಸರು ಮರೆತ ದಿನ ಇವನು ಕೊಟ್ಟಿಗೆಯಲ್ಲಿ ಒಬ್ಬನೇ ಅತ್ತಿದ್ದ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ನಾನು ಹೇಳಿದ್ದು ಇಷ್ಟು. ಅಳು ಬರಿಸಿಕೊಳ್ಳಬೇಡಿ, ತಡೆಯಲೂ ಬೇಡಿ. ಈ ಖುಷಿಯ ವಿಷಯ ಊರಿಗೆಲ್ಲ ಹೇಳಬೇಕಿಲ್ಲ, ಅಮ್ಮನಿಗೆ ಹೇಳಿ. ಎರಡು ಗಂಟೆಗೆ ಎಚ್ಚರವಾದರೆ ಬಾಗಿಲು ನೋಡಿ, ನೀರು ಕುಡಿದು ಮಲಗಿ, ಮೊಬೈಲ್ ಹಿಡಿಯಬೇಡಿ. ಕಾಯಿಲೆಗೆ ಮುಂಚಿನ ಅಜ್ಜನ ಬಗ್ಗೆ ಅಕ್ಕಪಕ್ಕದ ಹಿರಿಯರನ್ನು ಕೇಳಿ. ಆರು ತಿಂಗಳು ಕಳೆದ ಮೇಲೂ ದಿನದ ಕೆಲಸ ನಡೆಯದಷ್ಟು ಸಂಕಟವಿದ್ದರೆ ಮನೋವೈದ್ಯರನ್ನು ಕಾಣಲೇಬೇಕು. ಊರಲ್ಲಿ ಯಾರೂ ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಬಹುದು. ಅದು ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

ಮನೆಯವರಿಗೂ ಒಂದು ಮಾತು ಹೇಳಿ ಕಳಿಸಿದೆ. ಅಜ್ಜಿಗೂ ವಯಸ್ಸಾಗಿದೆ. ಮುಂದೆ ರಾತ್ರಿ ನೋಡಿಕೊಳ್ಳುವ ಕೆಲಸ ಬಂದರೆ ಪಾಳಿ ಹಾಕಿಕೊಳ್ಳಿ, ಒಬ್ಬರ ಮೇಲೇ ಹೊರಿಸಬೇಡಿ. ಅತ್ತೆಯನ್ನೂ ಒಮ್ಮೆ ಕರೆತರಲು ಹೇಳಿದ್ದೇನೆ. ಮಾಸಿಕ ಮುಗಿಸಿಕೊಂಡು ಬರುತ್ತಾರಂತೆ.