ಸ್ಪೋರ್ಟಿ ಅಡ್ವೆಂಚರ್ ಟೂರರ್‌ನ ಟೆಸ್ಟ್ ರೈಡ್‌ನಲ್ಲಿ ಏನೇನು ನೋಡಬೇಕು?

ನಿಮ್ಮ ಪ್ರಶ್ನೆ ಇಷ್ಟು: ಈವರೆಗೆ ನೇಕೆಡ್ ಬೈಕ್ (ಗಾಳಿ ತಡೆಯುವ ಹೊದಿಕೆ ಇಲ್ಲದ್ದು) ಓಡಿಸಿದ್ದೀರಿ, ಈಗ ಹೊಸ ಸ್ಪೋರ್ಟಿ ಅಡ್ವೆಂಚರ್ ಟೂರರ್ (ದೂರ ಪ್ರಯಾಣಕ್ಕೆಂದೇ ಮಾಡಿದ ಎತ್ತರದ, ಚುರುಕು ಬೈಕ್) ಮೇಲೆ ಕಣ್ಣು ಬಿದ್ದಿದೆ, ಟೆಸ್ಟ್ ರೈಡ್‌ಗೆ ಸಿಗುವುದು ಅರ್ಧ ಗಂಟೆ. ಅಷ್ಟರಲ್ಲಿ ಏನು ನೋಡಲಿ?

ಎಂಜಿನ್ ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ನೋಡಿ. ಈ ಜಾತಿಯ ಗಾಡಿಗಳ ಎಂಜಿನ್ ನಿಮಗೆ ಇಷ್ಟವಾಗಿಯೇ ಆಗುತ್ತದೆ. ಬಿಎಂಡಬ್ಲ್ಯು ಎಸ್ 1000 ಎಕ್ಸ್‌ಆರ್‌ನ 999 ಸಿಸಿ ಎಂಜಿನ್ ಬಂದಿರುವುದೇ ಆ ಕಂಪನಿಯ ಸೂಪರ್‌ಬೈಕ್‌ನಿಂದ. ಡುಕಾಟಿ ಮಲ್ಟಿಸ್ಟ್ರಾಡಾ ವಿ4ನದು 170 ಎಚ್‌ಪಿ. ಯಮಾಹಾ ಟ್ರೇಸರ್ 9ರ 890 ಸಿಸಿ ಮೂರು ಸಿಲಿಂಡರ್ ಎಂಜಿನ್ ಕಾಗದದ ಮೇಲೆ ಇವೆರಡಕ್ಕಿಂತ ಸಾಧು, ರಸ್ತೆಯ ಮೇಲೆ ಅದೂ ಕಡಿಮೆಯೇನಲ್ಲ. ಥ್ರಾಟಲ್ ತಿರುವಿ, ಹೆಲ್ಮೆಟ್ ಒಳಗೇ ನಗುತ್ತಾ ವಾಪಸ್ ಬಂದರೆ ಆ ಅರ್ಧ ಗಂಟೆ ದಂಡ. ನಾಳೆ ದಿನವಿಡೀ ಅದರ ಮೇಲೆ ಕೂತಾಗ ಸತಾಯಿಸುವುದು ಗಾಳಿ, ಮಂಡಿ, ಬೆರಳು, ಸೀಟು. ನಾನು ಈ ಬಗೆಯ ಗಾಡಿ ಓಡಿಸಲು ಸಿಕ್ಕಾಗಲೆಲ್ಲ ನೋಡುವುದು ಇವನ್ನೇ.

ಮೊದಲು ಎಂಜಿನ್ ಶುರು ಮಾಡದೆ ಸ್ಟ್ಯಾಂಡ್‌ನಿಂದ ಎತ್ತಿ ನಿಲ್ಲಿಸಿ. ಸೀಟ್ ಎತ್ತರ 840 ಮಿಮೀ ಅಂತ ಬ್ರೋಷರ್‌ನಲ್ಲಿ ಓದಿದರೆ ಏನೂ ತಿಳಿಯುವುದಿಲ್ಲ. ಸೀಟ್‌ನ ಮುಂಭಾಗ ಅಗಲವಿದ್ದರೆ ತೊಡೆ ಹೊರಕ್ಕೆ ಹೋಗಿ, ಅದೇ ಎತ್ತರದಲ್ಲೂ ಕಾಲು ನೆಲಕ್ಕೆ ಎಟುಕುವುದಿಲ್ಲ. ತುದಿಗಾಲಲ್ಲಿ ನಿಲ್ಲುವುದು ದೊಡ್ಡ ವಿಷಯವಲ್ಲ, ಅಭ್ಯಾಸವಾಗುತ್ತದೆ. ಸ್ವಲ್ಪ ಇಳಿಜಾರಿನಲ್ಲಿ ಮೂತಿ ಕೆಳಕ್ಕೆ ಮಾಡಿ ನಿಲ್ಲಿಸಿ, ಕೂತುಕೊಂಡೇ ಹಿಂದಕ್ಕೆ ತಳ್ಳಲು ಆಗುತ್ತದೆಯೇ ನೋಡಿ. ಪೆಟ್ರೋಲ್ ಎಷ್ಟಿದೆ ಅಂತಲೂ ಕೇಳಿ. ಟೆಸ್ಟ್ ಗಾಡಿಯ ಟ್ಯಾಂಕ್ ಸಾಮಾನ್ಯವಾಗಿ ತಳ ಹಿಡಿದಿರುತ್ತದೆ. 20 ಲೀಟರ್ ಅಂದರೆ ಸುಮಾರು 15 ಕೆಜಿ, ಅದೂ ಮೇಲ್ಭಾಗದಲ್ಲಿ ಕೂರುವ ತೂಕ.

ಹೊರಡುವ ಮುಂಚೆ ಸಸ್ಪೆನ್ಶನ್ ಸೆಟ್ಟಿಂಗ್ ನೋಡಿ. ಇದನ್ನು ಕೇಳುವವರೇ ಕಡಿಮೆ. ನಿಮಗಿಂತ ಮುಂಚೆ ಓಡಿಸಿದವರು ಇಬ್ಬರು ಕೂತು ಹೋಗಿದ್ದರೆ ಹಿಂದಿನ ಪ್ರೀಲೋಡ್ (ಸ್ಪ್ರಿಂಗ್‌ನ ಆರಂಭದ ಬಿಗಿತ) ಏರಿಸಿಯೇ ಇರಬಹುದು. ಆಗ ಗಾಡಿ ಗಟ್ಟಿ ಅನಿಸುತ್ತದೆ, ಸೀಟೂ ಎತ್ತರವಾಗುತ್ತದೆ, ನೀವು ಗಾಡಿಯನ್ನೇ ಬೈದುಕೊಂಡು ಬರುತ್ತೀರಿ. ನೀವು ಕೂತಾಗ ಸಸ್ಪೆನ್ಶನ್ ತನ್ನ ಒಟ್ಟು ಟ್ರಾವೆಲ್‌ನ (ಅದು ಮೇಲೆ ಕೆಳಗೆ ಆಡುವ ದೂರ) ಮೂರನೇ ಒಂದು ಭಾಗದಷ್ಟು ಕುಸಿದರೆ ಸರಿ: 150 ಮಿಮೀ ಟ್ರಾವೆಲ್ ಇದ್ದರೆ ಸುಮಾರು 50 ಮಿಮೀ. ಎಲೆಕ್ಟ್ರಾನಿಕ್ ಸಸ್ಪೆನ್ಶನ್ ಆಗಿದ್ದರೆ ಪರದೆಯಲ್ಲಿ ಒಂಟಿ ಸವಾರನ ಚಿತ್ರ ಆರಿಸಿಕೊಂಡರೆ ಮುಗಿಯಿತು. ಮೋಡ್ ‘ರೋಡ್’ನಲ್ಲಿರಲಿ. ‘ಸ್ಪೋರ್ಟ್’ ಮೋಡ್‌ನ ಥ್ರಾಟಲ್ ಚುರುಕಿಗೆ ಮರುಳಾಗುವುದು ಬೇಡ. ಇನ್ನೊಂದು, ಟೈರ್ ತೀರಾ ಹೊಸದಾಗಿದ್ದರೆ ತಿರುವುಗಳಲ್ಲಿ ಮೈಮರೆಯಬೇಡಿ. ಹೊಸ ರಬ್ಬರ್‌ನ ಮೇಲ್ಮೈ ಸವೆಯುವವರೆಗೆ ಹಿಡಿತ ಕಡಿಮೆ.

ಈಗ ಗಾಳಿಯ ವಿಷಯ. ನೇಕೆಡ್‌ನಿಂದ ಬರುವವರಿಗೆ ಇದೇ ಹೊಸದು. ನೇಕೆಡ್‌ನಲ್ಲಿ ಗಾಳಿ ಎದೆಗೆ ಬಡಿಯುತ್ತದೆ, ಆದರೆ ಹೆಲ್ಮೆಟ್‌ಗೆ ಬರುವುದು ಒಂದೇ ಸಮನಾದ ಗಾಳಿ. ವಿಂಡ್‌ಸ್ಕ್ರೀನ್ ಬಂದ ಕೂಡಲೇ ಅದರ ಅಂಚಿನಿಂದ ಸುಳಿ ಏಳುತ್ತದೆ. ಆ ಸುಳಿ ನೇರ ಹೆಲ್ಮೆಟ್‌ಗೆ ಬಡಿದರೆ ತಲೆ ಅಲ್ಲಾಡುತ್ತದೆ, ಕಿವಿಯಲ್ಲಿ ಗುಂಯ್ ಅನ್ನುತ್ತದೆ, ಕಣ್ಣೆದುರಿನ ರಸ್ತೆಯೇ ನಡುಗುತ್ತದೆ. ಪರೀಕ್ಷೆ ಸುಲಭ. ಖಾಲಿ ನೇರ ರಸ್ತೆಯಲ್ಲಿ ನಿಮ್ಮ ಮಾಮೂಲಿ ಕ್ರೂಸಿಂಗ್ ವೇಗ ಹಿಡಿದು, ಫುಟ್‌ಪೆಗ್ ಮೇಲೆ ಒತ್ತಿ ಸೀಟ್‌ನಿಂದ ನಾಲ್ಕು ಬೆರಳಷ್ಟು ಏಳಿ. ಸದ್ದು ತಟ್ಟನೆ ನಿಂತರೆ ಸುಳಿಯಿಲ್ಲದ ಗಾಳಿ ಅಲ್ಲಿದೆ, ಸ್ಕ್ರೀನ್ ತಗ್ಗಿಸಿದರೆ ಕೂತಲ್ಲೇ ಅದು ಸಿಗುತ್ತದೆ. ಏಳುವ ಬದಲು ಸ್ವಲ್ಪ ಬಗ್ಗಿದಾಗ ಶಾಂತವಾದರೆ ಸ್ಕ್ರೀನ್ ಏರಿಸಬೇಕು. ಎಲ್ಲ ಎತ್ತರದಲ್ಲೂ ತಲೆ ಅಲ್ಲಾಡಿದರೆ ಬೇರೆ ಸ್ಕ್ರೀನ್ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. ನಿಮ್ಮದೇ ಹೆಲ್ಮೆಟ್ ಒಯ್ಯಿರಿ, ಶೋರೂಮ್‌ನವರದ್ದು ಹಾಕಿಕೊಂಡು ಮಾಡಿದ ಪರೀಕ್ಷೆಗೆ ಅರ್ಥವಿಲ್ಲ.

ಅದೇ ವೇಗದಲ್ಲಿ ಒಂದೇ ಆರ್‌ಪಿಎಂ ಹಿಡಿದು ಐದು ನಿಮಿಷ ಸುಮ್ಮನೆ ಓಡಿಸಿ. ಇನ್‌ಲೈನ್ ಫೋರ್ (ನಾಲ್ಕು ಸಿಲಿಂಡರ್ ಒಂದೇ ಸಾಲಿನಲ್ಲಿರುವ) ಎಂಜಿನ್‌ನಲ್ಲಿ ಕ್ರ್ಯಾಂಕ್ ತಿರುಗುವುದರ ಎರಡು ಪಟ್ಟು ವೇಗದ ಸಣ್ಣ ನಡುಕವೊಂದು ಹುಟ್ಟುಗುಣ: 6,000 ಆರ್‌ಪಿಎಂನಲ್ಲಿ ಸೆಕೆಂಡಿಗೆ 200 ಸಲ. ಗೇರ್ ಏರಿಸುತ್ತಾ ಹೋಗುವಾಗ ಗೊತ್ತಾಗದೆ, ಒಂದೇ ವೇಗದಲ್ಲಿ ನಿಂತಾಗ ಬೆರಳು ಜುಮ್ಮೆನ್ನಲು ಶುರುವಾಗುತ್ತದೆ. 2015ರಲ್ಲಿ ಬಂದ, ಇದೇ ಬಗೆಯ ಎಂಜಿನ್‌ನ ಮೊದಲ ಬಿಎಂಡಬ್ಲ್ಯು ಎಕ್ಸ್‌ಆರ್ ಬಗ್ಗೆ ಸವಾರರು ಹೆಚ್ಚು ಮಾತಾಡಿದ್ದು ಈ ಹ್ಯಾಂಡಲ್ ನಡುಕದ ಬಗ್ಗೆಯೇ. ಕ್ರೂಸ್ ಕಂಟ್ರೋಲ್ ಇದ್ದರೆ ಹಾಕಿ, ಬಲಗೈ ಸಡಿಲ ಬಿಟ್ಟು ಗಮನಿಸಿ.

ತಿರುವುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಕ್ಸ್‌ಆರ್, ಟ್ರೇಸರ್ ತರಹ 17 ಇಂಚಿನ ಮುಂಚಕ್ರದವು ನಿಮ್ಮ ನೇಕೆಡ್‌ನಂತೆಯೇ ಸಲೀಸಾಗಿ ವಾಲುತ್ತವೆ. ಮಲ್ಟಿಸ್ಟ್ರಾಡಾ ವಿ4ಗೆ 19 ಇಂಚು (ಅದರಲ್ಲೇ ಪೈಕ್ಸ್ ಪೀಕ್ ಮಾದರಿಗೆ 17), ಸ್ವಲ್ಪ ನಿಧಾನ, ಆದರೆ ಗುಂಡಿ, ಜಲ್ಲಿಗೆ ಹೆದರುವುದಿಲ್ಲ. 17 ಇಂಚಿನದ್ದನ್ನು ಹೆಸರಲ್ಲಿ ‘ಅಡ್ವೆಂಚರ್’ ಇದೆ ಅಂತ ಕಾಡಿಗೆ ನುಗ್ಗಿಸಬೇಡಿ. ಗಟ್ಟಿ ಮಣ್ಣಿನ ರಸ್ತೆ ಸಾಕು ಅದಕ್ಕೆ. ನಿಂತು ಓಡಿಸುವಾಗ ಬೆನ್ನು ಗೂನಾಗುತ್ತಿದ್ದರೆ ಹ್ಯಾಂಡಲ್ ನಿಮಗೆ ತಗ್ಗು.

ನಿಧಾನಗತಿಗೆ ಸಮಯ ಇಟ್ಟುಕೊಳ್ಳಿ. ಒಂದನೇ ಗೇರ್‌ನಲ್ಲಿ, ಕ್ಲಚ್ ಅರ್ಧ ಹಿಡಿದು, ಹಿಂದಿನ ಬ್ರೇಕ್ ಮೇಲೆ ಕಾಲಿಟ್ಟು ಪೂರ್ತಿ ಯೂ ಟರ್ನ್ ಮಾಡಿ, ಎಡಕ್ಕೂ ಬಲಕ್ಕೂ. ಥ್ರಾಟಲ್ ಎಳೆಎಳೆಯಾಗಿ ಸಿಗುತ್ತದೆಯೇ, ಜರ್ಕ್ ಹೊಡೆಯುತ್ತದೆಯೇ ಅನ್ನುವುದು ಇಲ್ಲಿ ಬಯಲಾಗುತ್ತದೆ. ಕ್ವಿಕ್‌ಶಿಫ್ಟರ್ (ಕ್ಲಚ್ ಹಿಡಿಯದೆ ಗೇರ್ ಬದಲಿಸುವ ಸೌಲಭ್ಯ) ಕೂಡ ಹೈ ಆರ್‌ಪಿಎಂನಲ್ಲಿ ಎಲ್ಲ ಗಾಡಿಯಲ್ಲೂ ಚೆನ್ನ, ಕಡಿಮೆ ವೇಗದಲ್ಲಿ ಎರಡರಿಂದ ಮೂರಕ್ಕೆ ಹಾಕಿ ನೋಡಿ. ಟ್ರಾಫಿಕ್‌ನಲ್ಲಿ ರೇಡಿಯೇಟರ್ ಫ್ಯಾನ್ ತಿರುಗುವವರೆಗೆ ನಿಲ್ಲಿ, ಬಿಸಿ ಗಾಳಿ ಯಾವ ಕಾಲಿಗೆ ಬರುತ್ತದೆ ಗೊತ್ತಾಗಲಿ. ಮಲ್ಟಿಸ್ಟ್ರಾಡಾ ವಿ4 ಬಿಸಿಯೇರಿ ನಿಂತಾಗ ಹಿಂದಿನ ಎರಡು ಸಿಲಿಂಡರ್ ಬಂದ್ ಮಾಡುವುದು ಈ ಕಾರಣಕ್ಕೇ. ಕಾರ್ನರಿಂಗ್ ಎಬಿಎಸ್ (ವಾಲಿದಾಗಲೂ ಬ್ರೇಕ್‌ಗೆ ಚಕ್ರ ಲಾಕ್ ಆಗದಂತೆ ನೋಡುವುದು), ಟ್ರ್ಯಾಕ್ಷನ್ ಕಂಟ್ರೋಲ್ (ಹಿಂಚಕ್ರ ಜಾರದಂತೆ ತಡೆಯುವುದು) ಕೆಲಸ ಮಾಡುತ್ತವೆಯೇ ಅಂತ ಪರೀಕ್ಷಿಸುವ ಗೋಜಿಗೆ ಹೋಗಬೇಡಿ, ದಯವಿಟ್ಟು. ಮೆನು ಬದಲಿಸಲು ಗ್ಲೌಸ್ ಹಾಕಿದ ಹೆಬ್ಬೆರಳಿಗೆ ಬಟನ್ ಸಿಗುತ್ತದೆಯೇ, ಅಷ್ಟು ನೋಡಿದರೆ ಸಾಕು.

ಹಿಂದೆ ಕೂರುವವರು ಇದ್ದರೆ ಅವರನ್ನೂ ಕರೆದುಕೊಂಡು ಹೋಗಿ, ಕೊನೆಯ ಹತ್ತು ನಿಮಿಷ ಅವರದ್ದಾಗಿರಲಿ. ಅವರ ಮಂಡಿ ಎಷ್ಟು ಮಡಚಿಕೊಳ್ಳುತ್ತದೆ, ಬ್ರೇಕ್ ಹಾಕಿದಾಗ ನಿಮ್ಮ ಬೆನ್ನ ಮೇಲೆ ಜಾರಿ ಬರುತ್ತಾರೆಯೇ ಅನ್ನುವುದನ್ನು ನಿಮಗಿಂತ ಚೆನ್ನಾಗಿ ಅವರೇ ಹೇಳುತ್ತಾರೆ. ವಾಪಸ್ ಬಂದ ಮೇಲೆ ಸೆಂಟರ್ ಸ್ಟ್ಯಾಂಡ್ ಜೊತೆಗೇ ಬರುತ್ತದೆಯೇ ಕೇಳಿ. ನಾನು ಹೆಸರಿಸಿದ ಮೂರೂ ಚೈನ್ ಗಾಡಿಗಳು. ದೂರ ಪ್ರಯಾಣದ ನಡುವೆ ಚೈನ್‌ಗೆ ಎಣ್ಣೆ ಹಾಕುವಾಗ ಹಿಂಚಕ್ರ ಎತ್ತಿ ನಿಲ್ಲಿಸಿದರೆ ಕೆಲಸ ಸಲೀಸು.

ಯಾವ ಮಾಡೆಲ್, ನಿಮ್ಮ ಎತ್ತರ ಎಷ್ಟು ಅಂತ ಕಾಮೆಂಟ್‌ನಲ್ಲಿ ತಿಳಿಸಿ. ಸೀಟ್, ಸ್ಕ್ರೀನ್ ಬಗ್ಗೆ ಇನ್ನೂ ನಿರ್ದಿಷ್ಟವಾಗಿ ಹೇಳಬಹುದು.