ನೆರೆಯವರು ಕೊಟ್ಟ ಗಾಜಿನ ಜಾಡಿಯ ಬಗ್ಗೆ

ಅಮೆರಿಕದ ನಾಕ್ಸ್‌ವಿಲ್‌ಗೆ ಬಂದು ಎರಡು ತಿಂಗಳಾಯಿತೆಂದೂ, ಪಕ್ಕದ ಮನೆಯ ಹಿರಿಯರು ಕ್ರಿಸ್‌ಮಸ್ ಉಡುಗೊರೆಯೆಂದು ಚೀಟಿಯಿಲ್ಲದ ಗಾಜಿನ ಜಾಡಿಯಲ್ಲಿ ನೀರಿನಂತೆ ತಿಳಿಯಾದ ಮದ್ಯ ಕೊಟ್ಟರೆಂದೂ, ಅದನ್ನು ಕುಡಿಯಬಹುದೇ, ಹಿಂದಿರುಗಿಸಿದರೆ ಅವರಿಗೆ ಬೇಸರವಾದೀತೇ ಎಂದೂ ಕೇಳಿದ್ದೀರಿ. ಪೂರ್ವ ಟೆನೆಸಿಯಲ್ಲಿ ನೆಲೆಸಿ 22 ವರ್ಷಗಳಾದ ನನ್ನ ಉತ್ತರವೆಂದರೆ, ಹಿಂದಿರುಗಿಸಬೇಡಿ, ಕುಡಿಯಲೂ ಬೇಡಿ.

ಇಲ್ಲಿನವರು ಮೂನ್‌ಶೈನ್ ಎನ್ನುವುದು ನಮ್ಮ ಕಡೆಯ ಕಳ್ಳಭಟ್ಟಿಯೇ. ಆದರೆ ಆ ಮಾತಿಗೆ ನಮ್ಮಲ್ಲಿರುವ ತಾತ್ಸಾರ ಇಲ್ಲಿಲ್ಲ. 18ನೆಯ ಶತಮಾನದಲ್ಲಿ ಐರ್ಲೆಂಡಿನ ಅಲ್‌ಸ್ಟರ್ ಪ್ರಾಂತ್ಯದಿಂದ ಅಪಲಾಚಿಯನ್ ಬೆಟ್ಟಗಳಿಗೆ ಬಂದವರು ಭಟ್ಟಿ ಇಳಿಸುವ ವಿದ್ಯೆಯನ್ನೂ ಜೊತೆಗೆ ತಂದರು. ಇಲ್ಲಿ ಅವರ ಕೈಗೆ ಸಿಕ್ಕಿದ್ದು ಮೆಕ್ಕೆಜೋಳ. ರಸ್ತೆಯಿಲ್ಲದ ಬೆಟ್ಟದಲ್ಲಿ ಒಂದು ಕುದುರೆ 4 ಬುಶೆಲ್ (ಧಾನ್ಯದ ಅಳತೆ) ಜೋಳ ಹೊತ್ತರೆ ಹೆಚ್ಚು, ಅದನ್ನೇ ವಿಸ್ಕಿಯಾಗಿಸಿದರೆ 24 ಬುಶೆಲ್ ಜೋಳದ ಸಾರವನ್ನು ಹೊರುತ್ತದೆ ಎಂಬುದು ಅಂದಿನ ಲೆಕ್ಕಾಚಾರ. ಹೀಗೆ ವಿಸ್ಕಿಯೇ ರೈತನ ರೊಕ್ಕವಾಗಿದ್ದಾಗ, 1791ರಲ್ಲಿ ಹಣಕಾಸು ಮಂತ್ರಿ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಅದರ ಮೇಲೆ ಸುಂಕ ಹಾಕಿಸಿದರು. 1794ರಲ್ಲಿ ಪಶ್ಚಿಮ ಪೆನ್ಸಿಲ್ವೇನಿಯಾದ ರೈತರು ದಂಗೆಯೆದ್ದರು. ಅಧ್ಯಕ್ಷ ವಾಷಿಂಗ್ಟನ್ ಸುಮಾರು 13,000 ಮಂದಿಯ ಪಡೆ ಹೊರಡಿಸಬೇಕಾಯಿತು. 1802ರಲ್ಲಿ ರದ್ದಾದ ಸುಂಕ ಅಂತರ್ಯುದ್ಧದ ಖರ್ಚಿಗೆಂದು 1862ರಲ್ಲಿ ಮರಳಿತು, ಮತ್ತೆ ಹೋಗಲಿಲ್ಲ. ಅಜ್ಜ ಹಗಲಿನಲ್ಲಿ ಮಾಡುತ್ತಿದ್ದುದನ್ನು ಮೊಮ್ಮಗ ಸುಂಕ ತಪ್ಪಿಸಲು ರಾತ್ರಿ ಮಾಡುವಂತಾಯಿತು.

ಕಥೆಗಳು ಹುಟ್ಟಿಕೊಂಡದ್ದು ಆ ಕತ್ತಲೆಯಲ್ಲಿ. 1920ರಿಂದ 1933ರವರೆಗಿನ ಪಾನನಿಷೇಧದ ಕಾಲದಲ್ಲಿ ಭಟ್ಟಿಯವರು ಹಸುವಿನ ಗೊರಸಿನಾಕಾರದ ಮರದ ತುಂಡುಗಳನ್ನು ಬೂಟಿನಡಿಗೆ ಕಟ್ಟಿಕೊಂಡು, ಅಬಕಾರಿಯವರಿಗೆ ದನದ ಹೆಜ್ಜೆ ಮಾತ್ರ ಕಾಣುವಂತೆ ನಡೆದುಹೋಗುತ್ತಿದ್ದರು. ಇದು ಬರೀ ಕಟ್ಟುಕಥೆಯಲ್ಲ, ಅಂಥ ಬೂಟಿನ ಛಾಯಾಚಿತ್ರಗಳಿವೆ. ಉತ್ತರ ಕೆರೊಲಿನಾದ ವಿಲ್ಕ್ಸ್ ಕೌಂಟಿಯ ಜೂನಿಯರ್ ಜಾನ್ಸನ್ ರಾತ್ರಿ ಹೊತ್ತು ಮದ್ಯ ಸಾಗಿಸುತ್ತ ಕಾರು ಓಡಿಸುವುದನ್ನು ಕಲಿತು ನಾಸ್ಕಾರ್ ಎಂಬ ಕಾರ್ ರೇಸಿನ ದೊಡ್ಡ ಹೆಸರಾದರು. 1956ರಲ್ಲಿ ಅವರು ಸಿಕ್ಕಿಬಿದ್ದದ್ದು ಮಾತ್ರ ರಸ್ತೆಯ ಮೇಲಲ್ಲ, ತಂದೆಯ ಭಟ್ಟಿಯ ಬಳಿ. ಸುಮಾರು 11 ತಿಂಗಳು ಸೆರೆಯಲ್ಲಿದ್ದರು. ಮುಂದೆ ಅಧ್ಯಕ್ಷ ರೇಗನ್ ಅವರಿಗೆ ಕ್ಷಮಾದಾನ ಕೊಟ್ಟರು.

ನನಗೂ ಮೊದಲ ವರ್ಷವೇ ಇಂಥ ಜಾಡಿ ಬಂದಿತ್ತು. ಕೊಟ್ಟವರು ಅದನ್ನು ಕುಲುಕಿ ದೀಪಕ್ಕೆ ಎತ್ತಿ ಹಿಡಿದು, ದೊಡ್ಡ ಗುಳ್ಳೆಗಳೆದ್ದು ತಟ್ಟನೆ ಒಡೆದರೆ ಸರಕು ಖಡಕ್ಕೆಂದು ತೋರಿಸಿದರು. ಆಮೇಲೆ ಒಂದು ಚಮಚ ಸುರಿದು ಕಡ್ಡಿ ಗೀರಿದರು. ನೀಲಿ ಜ್ವಾಲೆ ಎದ್ದಿತು, ನೀಲಿಯಾದರೆ ಶುದ್ಧ, ಕೆಂಪಾದರೆ ಸೀಸವಿದೆ ಎಂದರು. ಗುಳ್ಳೆಯ ಪರೀಕ್ಷೆ ತಕ್ಕಮಟ್ಟಿಗೆ ನಿಜ, ಏಕೆಂದರೆ ಮದ್ಯಸಾರದ ಪ್ರಮಾಣಕ್ಕೆ ತಕ್ಕಂತೆ ಗುಳ್ಳೆ ನಿಲ್ಲುವ ಹೊತ್ತು ಬದಲಾಗುತ್ತದೆ. ಬೆಂಕಿಯ ಪರೀಕ್ಷೆಯನ್ನು ಮಾತ್ರ ದಯವಿಟ್ಟು ನಂಬಬೇಡಿ. ಮೆಥನಾಲ್ ಎಂಬ ವಿಷಕಾರಿ ಮದ್ಯಸಾರ ಸಹ ಮಸುಕಾದ ನೀಲಿಯಾಗಿಯೇ ಉರಿಯುತ್ತದೆ, ಸೀಸ ಜ್ವಾಲೆಯಲ್ಲಿ ಕಾಣುವುದಿಲ್ಲ. ಹುದುಗಿಸಿದ ಜೋಳದಲ್ಲಿ ಮೆಥನಾಲ್ ತಾನಾಗಿ ಹೆಚ್ಚು ಹುಟ್ಟುವುದಿಲ್ಲ. ಇಲ್ಲಿ ಜನರಿಗೆ ವಿಷವಾದದ್ದು ಬಹುಪಾಲು ಕಲಬೆರಕೆಯಿಂದ, ಮತ್ತು ತಾಮ್ರದ ಸುರುಳಿಯ ಬದಲು ಸೀಸದ ಬೆಸುಗೆಯಿರುವ ಹಳೆಯ ಕಾರ್ ರೇಡಿಯೇಟರಿನಲ್ಲಿ ಆವಿ ತಣಿಸಿದ್ದರಿಂದ.

ಕಾನೂನಿನ ಮಾತು ಚಿಕ್ಕದು. ಇಬ್ಬರು ವಯಸ್ಕರಿರುವ ಮನೆಯಲ್ಲಿ ಸ್ವಂತಕ್ಕೆ ವರ್ಷಕ್ಕೆ 200 ಗ್ಯಾಲನ್ ವೈನ್ ಮಾಡಿಕೊಳ್ಳಲು ಫೆಡರಲ್ ಕಾನೂನು ಬಿಡುತ್ತದೆ, ಆದರೆ ಭಟ್ಟಿ ಇಳಿಸಲು ಬಿಡುವುದಿಲ್ಲ; 5 ವರ್ಷಗಳವರೆಗೆ ಸೆರೆವಾಸವಿದೆ. ಈ ನಿಷೇಧವನ್ನು ಈಚೆಗೆ ಕೆಲವರು ಕೋರ್ಟಿನಲ್ಲಿ ಪ್ರಶ್ನಿಸಿದ್ದಾರೆಂಬುದನ್ನು ನೆಚ್ಚಿಕೊಂಡು ವೀಸಾದ ಮೇಲಿರುವವರು ಧೈರ್ಯ ಮಾಡಬಾರದು. ಸುಂಕ ಕಟ್ಟದ ಮದ್ಯವನ್ನು ಇಟ್ಟುಕೊಳ್ಳುವುದೂ ತಪ್ಪೇ. ಆದ್ದರಿಂದ ಆ ಜಾಡಿಯನ್ನು ಕಾರಿನಲ್ಲಿ ಒಯ್ಯಬೇಡಿ, ಫೋಟೋ ತೆಗೆದು ಯಾರಿಗೂ ಕಳಿಸಬೇಡಿ. ರುಚಿ ನೋಡಲೇಬೇಕೆಂದಿದ್ದರೆ, ಟೆನೆಸಿ 2009ರಲ್ಲಿ ಕಾನೂನು ಸಡಿಲಿಸಿದ ಮೇಲೆ ಗ್ಯಾಟ್ಲಿನ್‌ಬರ್ಗ್‌ನಲ್ಲಿ ಪರವಾನಗಿ ಪಡೆದ ಭಟ್ಟಿಗಳು ತೆರೆದಿವೆ, ಅಲ್ಲಿಗೆ ಹೋಗಿ.

ಹಿರಿಯರಿಗೆ ಧನ್ಯವಾದ ಹೇಳಿ, ಯಾರು ಮಾಡಿದ್ದೆಂದು ಕೇಳದೆ, ಅವರ ಅಜ್ಜನ ಕಾಲದ ಸಂಗತಿ ಕೇಳಿ, ಸಂಜೆಯೆಲ್ಲ ಹೇಳುತ್ತಾರೆ. ನಾನು ನನ್ನ ಜಾಡಿಯನ್ನು ಬಚ್ಚಲಿಗೆ ಸುರಿದು, ತೊಳೆದು ಒಣಗಿಸಿ, ಬರಿದು ಪಾತ್ರೆ ಕೊಡಬಾರದೆಂದು ನಿಂಬೆಕಾಯಿ ಉಪ್ಪಿನಕಾಯಿ ತುಂಬಿ ಕೊಟ್ಟೆ. ಆ ಮನೆಯಾಕೆ ಇಂದಿಗೂ ಉಪ್ಪಿನಕಾಯಿಯನ್ನೇ ಕೇಳುತ್ತಾರೆ.